ಶಾರ್ಜಾದ ಚಿಕ್ಕಮ್ಮನ ಮನೆಗೆ ಹದಿನೆಂಟು ವರ್ಷದ ಮೇಲೆ ಹೊರಟಿದ್ದೇನೆ, ಹೇಗೆ ಹೋಗಲಿ?

ಕುಂದಾಪುರದವಳು, ಡೊಂಬಿವಲಿ · ಡಿಸೆಂಬರ್ 28

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಈ ಸಲ ನಿಮ್ಮ ಸಲಹೆ ಬೇಕು.

ಜನವರಿ 11ಕ್ಕೆ ದುಬೈಗೆ ಹೋಗುತ್ತಿದ್ದೇನೆ. ಆಫೀಸ್ ಕೆಲಸ ಮೂರು ದಿನ. ಆಮೇಲೆ ಐದು ದಿನ ರಜೆ ಹಾಕಿದ್ದೇನೆ. ಶಾರ್ಜಾದಲ್ಲಿ ನನ್ನ ಚಿಕ್ಕಮ್ಮ, ಅವರ ಮಗಳು, ಅಳಿಯ, ಇಬ್ಬರು ಮಕ್ಕಳು ಇದ್ದಾರೆ. ನಾವು ಮುಖ ನೋಡಿ ಹದಿನೆಂಟು ವರ್ಷದ ಮೇಲಾಯಿತು. ಅವರನ್ನು ನೋಡಬೇಕು ಅಂತಲೇ ರಜೆ ಹಾಕಿದ್ದು.

ಹಿಂದಿನದು ಸ್ವಲ್ಪ ಹೇಳದಿದ್ದರೆ ಅರ್ಥ ಆಗಲಿಕ್ಕಿಲ್ಲ. ನಾವು ಮೊದಲು ಮುಂಬೈಯ ಅಂಧೇರಿ ಪೂರ್ವದ ಚಾಳ್‌ನಲ್ಲಿದ್ದೆವು, ಅಂದರೆ ಒಂದೊಂದೇ ಕೋಣೆಯ ಸಾಲುಮನೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಖೋಲಿ. ಸಹಾರ್ ವಿಮಾನ ನಿಲ್ದಾಣ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ. ಹಾಗಾಗಿ ಊರಿನಿಂದ ಗಲ್ಫ್‌ಗೆ ಹೋಗುವವರಿಗೆಲ್ಲ ನಮ್ಮನೆಯೇ ತಂಗುವ ಜಾಗ. ಆಗ ಕೊಂಕಣ ರೈಲು ಇರಲಿಲ್ಲ. ಬಸ್ಸಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬರುತ್ತಿದ್ದರು. ಕಾಲು ಊದಿರುತ್ತಿತ್ತು. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಬಕೆಟ್ ಮುಂದಿಡುತ್ತಿದ್ದಳು. ಮಾತು ಆಮೇಲೆ.

ಚಿಕ್ಕಪ್ಪ ಕುವೈತ್‌ನಲ್ಲಿದ್ದರು. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಅಲ್ಲಿಗೆ ನುಗ್ಗಿತು. ಒಂದು ತಿಂಗಳ ಮೇಲೆ ಸುದ್ದಿಯೇ ಇಲ್ಲ. ಅಪ್ಪ ದಿನಾ ರಾತ್ರಿ ಸಹಾರ್‌ಗೆ ಹೋಗಿ ಕುವೈತ್‌ನಿಂದ ಪಾರಾದವರನ್ನು ಜೋರ್ಡಾನ್‌ನ ಅಮ್ಮಾನ್‌ನಿಂದ ಕರೆತರುವ ವಿಮಾನಗಳಿಗೆ ಕಾಯುತ್ತಿದ್ದರು. ಕೊನೆಗೆ ಒಂದು ಬೆಳಗಿನ ಜಾವ ನಾಲ್ವರನ್ನೂ ಕರೆದುಕೊಂಡು ಬಂದರು. ಚಿಕ್ಕಪ್ಪ, ಚಿಕ್ಕಮ್ಮ, ಆರು ವರ್ಷದ ತಂಗಿ, ಕೈಗೂಸು ತಮ್ಮ. ಸಾಮಾನು ಅಂದರೆ ಒಂದು ಚೀಲ. ಆ ಖೋಲಿಯಲ್ಲಿ ನಾವು ಒಂಬತ್ತು ಜನ ಹದಿನಾರು ತಿಂಗಳು ಇದ್ದೆವು. ತಂಗಿ ಮತ್ತು ನಾನು ಮಂಚದ ಕೆಳಗೆ ಮಲಗುತ್ತಿದ್ದೆವು. ನನಗಾಗ ಹನ್ನೊಂದು.

1992ರಲ್ಲಿ ಚಿಕ್ಕಪ್ಪನಿಗೆ ಶಾರ್ಜಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಎರಡು ವರ್ಷಕ್ಕೊಮ್ಮೆ ರಜೆಗೆ ಬರುವಾಗ ಎರಡು ದಿನ, ಹೋಗುವಾಗ ಎರಡು ದಿನ ನಮ್ಮನೆಯಲ್ಲಿ. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಯಿತು. ಊರಿಗೆಲ್ಲ ಖುಷಿ. ನಮಗೂ ಖುಷಿಯೇ. ಆದರೆ ಅದಾದ ಮೇಲೆ ಯಾರೂ ಮುಂಬೈ ಮೇಲಿಂದ ಹೋಗಲಿಲ್ಲ. ಜಗಳ ಅಂತ ಆಗಿದ್ದೇ ಇಲ್ಲ. ದಾರಿ ಬದಲಾಯಿತು, ಅಷ್ಟೇ.

2007ರ ನವೆಂಬರ್‌ನಲ್ಲಿ ಅಪ್ಪ ಹೋದರು. ಚಿಕ್ಕಪ್ಪ ಬರಲಿಲ್ಲ. ಹದಿಮೂರನೇ ದಿನಕ್ಕೂ ಬರಲಿಲ್ಲ. ಫೋನಿನಲ್ಲಿ ಅತ್ತರು, ಕಾರಣ ಹೇಳಲಿಲ್ಲ. ಅಮ್ಮನ ಮನಸ್ಸು ಅಲ್ಲೇ ಮುರಿಯಿತು. 2010ರ ಮೇ 22ಕ್ಕೆ ಮಂಗಳೂರಿನಲ್ಲಿ ದುಬೈ ವಿಮಾನ ಬಿದ್ದು 158 ಜನ ಸತ್ತ ದಿನ, ಅಮ್ಮನೇ ನಡುಗುವ ಕೈಯಲ್ಲಿ ಶಾರ್ಜಾಕ್ಕೆ ಫೋನ್ ಮಾಡಿಸಿದಳು. ಅವರೆಲ್ಲ ಮನೆಯಲ್ಲೇ ಇದ್ದಾರೆ ಅಂತ ಗೊತ್ತಾದ ತಕ್ಷಣ ಇಟ್ಟುಬಿಟ್ಟಳು. 2019ರಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದು ನಮಗೆ ಗೊತ್ತಾಗಿದ್ದು ವಾಟ್ಸಾಪ್ ಸಂದೇಶದಲ್ಲಿ. ಮೂರು ಸಲ ಕರೆ ಮಾಡಿದೆ. ತೆಗೆಯಲೇ ಇಲ್ಲ. ನಾವೂ ಹೋಗಲಿಲ್ಲ.

ಈ ಅಕ್ಟೋಬರ್‌ನಲ್ಲಿ ನಮ್ಮ ಹಳೇ ಚಾಳ್ ಕೆಡವಿದರು. ಅಲ್ಲಿ ಟವರ್ ಬರುತ್ತದೆ. ಯಾರೋ ಫೋಟೋ ಹಾಕಿದ್ದರು. ಅದರ ಕೆಳಗೆ ಶಾರ್ಜಾದ ತಂಗಿಯ ಒಂದು ಸಾಲು: ‘ಅಕ್ಕಾ, ನಮ್ ಖೋಲಿ ಹೋಯ್ತಾ?’ ನಮ್ ಖೋಲಿ ಅಂತ ಬರೆದಿದ್ದಳು. ಅದಕ್ಕೇ ಹೊರಟಿದ್ದೇನೆ.

ಈಗ ನನ್ನ ಪ್ರಶ್ನೆ. ಅವರ ಮನೆಯಲ್ಲೇ ಇರಲಾ, ಹೋಟೆಲ್ ಮಾಡಲಾ? ಹಳೇ ಮಾತು ಎತ್ತಲಾ, ಬೇಡವಾ? ಏನು ತೆಗೆದುಕೊಂಡು ಹೋಗಲಿ? ಅಮ್ಮನಿಗೆ ಎಪ್ಪತ್ತೈದು, ಆರೋಗ್ಯ ಚೆನ್ನಾಗಿದೆ, ಆದರೆ ‘ನಾ ಬತ್ತಿಲ್ಲೆ’ ಅಂತ ಒಂದೇ ಹಠ.

ಮುಲುಂಡ್‌ನವ, ಈಗ ದುಬೈ · ಡಿಸೆಂಬರ್ 28

ಅಕ್ಕ, ಮೊದಲು ಒಂದು ವಿಷಯ. ಅವರು ಕರೆ ತೆಗೆಯಲಿಲ್ಲ ಅಂದಿರಲ್ಲ, ವಾಟ್ಸಾಪ್ ಕರೆನಾ? ಯುಎಇಯಲ್ಲಿ ವಾಟ್ಸಾಪ್ ಸಂದೇಶ ಬರುತ್ತದೆ, ಕರೆ ಬರುವುದಿಲ್ಲ. ಇಂಟರ್ನೆಟ್ ಕರೆಗೆ ಇಲ್ಲಿ ನಿರ್ಬಂಧ ಇದೆ. ನಿಮ್ಮ ಕಡೆ ರಿಂಗ್ ಆದಂತೆ ಕಾಣುತ್ತದೆ, ಈ ಕಡೆ ಮಾತು ಕೂಡುವುದಿಲ್ಲ. ಇಲ್ಲಿನವರು ಬೋಟಿಮ್‌ನಂಥ ಬೇರೆ ಆ್ಯಪ್ ಬಳಸುತ್ತಾರೆ. ಅವರು ಬೇಕಂತಲೇ ತೆಗೆಯಲಿಲ್ಲ ಅಂದುಕೊಂಡಿದ್ದರೆ, ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಇನ್ನು ಸಾಮಾನು. ಗಸಗಸೆ ಒಂದು ಚಮಚವೂ ಬೇಡ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಹೋಳಿಗೆ ಮೇಲೆ ಉದುರಿಸಿದ್ದರೂ ಬೇಡ, ಮಸಾಲೆ ಪುಡಿಯಲ್ಲಿ ಸೇರಿದ್ದರೂ ಬೇಡ. ವೀಳ್ಯದೆಲೆಯನ್ನೂ ತರಬೇಡಿ. ಒಣಕೊಬ್ಬರಿಯನ್ನು ಮುಂಬೈಯಲ್ಲೇ ತೆಗೆಸುತ್ತಾರೆ, ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ ಅಂತ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಕೆಮ್ಮಿನ ಸಿರಪ್, ನೋವಿನ ಮಾತ್ರೆ ತರುವುದಾದರೆ ಅದರಲ್ಲಿ ಕೊಡೀನ್ ಅಥವಾ ಟ್ರಮಡಾಲ್ ಇದೆಯಾ ನೋಡಿ. ಅವಕ್ಕೆ ಮೊದಲೇ ಅನುಮತಿ ಬೇಕು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಇರಲಿ. ವಾಪಸ್ ಟಿಕೆಟ್ ಕೈಯಲ್ಲಿರಲಿ. ಅವರ ಮನೆಯಲ್ಲಿ ಇರುವುದಾದರೆ ತಂಗಿಯ ಎಮಿರೇಟ್ಸ್ ಐಡಿ ಮತ್ತು ಬಾಡಿಗೆ ಕರಾರಿನ ಪ್ರತಿ ತರಿಸಿಕೊಳ್ಳಿ.

ದಿನಗಳ ಲೆಕ್ಕವನ್ನೂ ನೋಡಿ. 2022ರ ಜನವರಿಯಿಂದ ದುಬೈಯಲ್ಲಿ ವಾರದ ರಜೆ ಶನಿವಾರ, ಭಾನುವಾರ. ಶಾರ್ಜಾದಲ್ಲಿ ಸರ್ಕಾರಿ ಕಚೇರಿ, ಶಾಲೆಗಳಿಗೆ ಶುಕ್ರವಾರವೂ ಸೇರಿ ಮೂರು ದಿನ. ಮಕ್ಕಳು ಮನೆಯಲ್ಲಿ ಸಿಗಬೇಕು ಅಂದರೆ ಗುರುವಾರ ಸಂಜೆಯೇ ಹೋಗಿಬಿಡಿ.

ಕೊನೆಯದು, ಇಲ್ಲಿ ಇರುವವರ ಮನಸ್ಸಿನ ಮಾತು. ಹದಿನಾಲ್ಕು ವರ್ಷದಲ್ಲಿ ನಮ್ಮ ಮನೆಗೆ ಎಷ್ಟೋ ನೆಂಟರು ಬಂದಿದ್ದಾರೆ. ಮೊದಲ ದಿನ ಬುರ್ಜ್ ಖಲೀಫಾ, ಎರಡನೇ ದಿನ ಚಿನ್ನದ ಅಂಗಡಿ, ಮೂರನೇ ದಿನ ಮರಳುಗಾಡು. ರಾತ್ರಿ ಹನ್ನೊಂದಕ್ಕೆ ಬಂದು ಮಲಗುತ್ತಾರೆ. ನಾನು ಎರಡು ದಿನ ಸಂಬಳ ಇಲ್ಲದ ರಜೆ ಹಾಕಿ ಕಾರು ಓಡಿಸಿರುತ್ತೇನೆ. ಅವರಲ್ಲಿ ಒಬ್ಬರೂ ನನ್ನ ಹೆಂಡತಿ ಪಕ್ಕ ಅರ್ಧ ಗಂಟೆ ಕೂತು ‘ನೀ ಹೇಗಿದ್ದೀಯಮ್ಮ’ ಅಂತ ಕೇಳಿದ್ದಿಲ್ಲ. ನೀವು ಕೇಳಿ. ಹೋಟೆಲ್ ಮಾಡಬೇಡಿ. ಚಾಪೆ ಹಾಕಿಕೊಟ್ಟರೂ ಅಲ್ಲೇ ಮಲಗಿ.

ಧಾರವಾಡದವ, ಪುಣೆ ಕೋಥ್ರೂಡ್ · ಡಿಸೆಂಬರ್ 29

ಮುಲುಂಡ್‌ನವರ ಮಾತು ನನ್ನ ಎದೆಗೇ ನಾಟಿತು. ನಾನೂ ಅದೇ ತಪ್ಪು ಮಾಡಿದವನು.

ನನ್ನ ಕಾಕಾನ ಮಗಳು ಲಂಡನ್ ಹತ್ತಿರ ಸ್ಲೌನಲ್ಲಿದ್ದಾಳೆ. 2018ರಲ್ಲಿ ನಾವು ಗಂಡ ಹೆಂಡತಿ ಹನ್ನೆರಡು ದಿನ ಬ್ರಿಟನ್‌ಗೆ ಹೋಗಿದ್ದೆವು. ಎಡಿನ್‌ಬರೊ ನೋಡಿದೆವು, ಆಕ್ಸ್‌ಫರ್ಡ್ ನೋಡಿದೆವು. ಆಕೆಗೆ ಇಟ್ಟಿದ್ದು ಅರ್ಧ ದಿನ. ನಾವು ಹೋದಾಗ ಅಡಿಗೆಮನೆ ಕಟ್ಟೆಯ ಮೇಲೆ ಶೇಂಗಾ ಹೋಳಿಗೆ ಜೋಡಿಸಿಟ್ಟಿದ್ದಳು. ಎಣಿಸಿದರೆ ನಲವತ್ತರ ಮೇಲೆ. ‘ಒಂದು ವಾರ ಇರ್ತೀರಿ ಅಂತ ಮಾಡಿದೆ ಅಣ್ಣಾ’ ಅಂದಳು. ಅದನ್ನು ಕೇಳಿ ನನ್ನ ಹೆಂಡತಿ ಬಚ್ಚಲಿಗೆ ಹೋಗಿ ಅತ್ತಳು.

ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಆದರೂ ಆಕೆ ಸಂಜೆ ಮಗನನ್ನು ಕರೆದುಕೊಂಡು ಲ್ಯಾಂಬೆತ್‌ಗೆ ಬಂದಳು. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪುತ್ಥಳಿ ಇದೆಯಲ್ಲ, 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಅಲ್ಲಿಗೆ. ಹುಡುಗನಿಗೆ ಹತ್ತು ವರ್ಷ. ಅಜ್ಜಿ ಫೋನಿನಲ್ಲಿ ಕಲಿಸಿದ ವಚನ ಒಂದನ್ನು ಕೈಮುಗಿದು ಹೇಳಿದ. ಉಚ್ಚಾರ ಸ್ವಲ್ಪ ಬೇರೆ, ಒಂದು ಶಬ್ದವೂ ತಪ್ಪಲಿಲ್ಲ. ಹನ್ನೆರಡು ದಿನದಲ್ಲಿ ನನಗೆ ಈಗಲೂ ನೆನಪಿರುವುದು ಆ ಇಪ್ಪತ್ತು ನಿಮಿಷ. ಆಕೆಯ ಮನೆಯಲ್ಲಿ ಒಂದು ವಾರ ಇದ್ದಿದ್ದರೆ ಅಂತ ಭಾಳ ಸಲ ಅನಿಸಿದೆ.

ನೀವು ಐದು ದಿನ ಪೂರ್ತಿ ಅವರಿಗೇ ಇಟ್ಟಿದ್ದೀರಿ. ಒಳ್ಳೇದು ಮಾಡಿದಿರಿ.

ವಾಸ್ಕೊದಿಂದ · ಡಿಸೆಂಬರ್ 29

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಂದೆ ಗದಗ ಕಡೆಯಿಂದ ಮುರ್ಮುಗಾಂವ್ ಬಂದರಿಗೆ ಕೆಲಸಕ್ಕೆ ಬಂದವರು. ಅಣ್ಣ ಮಸ್ಕತ್‌ನಲ್ಲಿದ್ದ. ಎಂಟು ವರ್ಷದ ಮೇಲೆ ನೋಡೋಕೆ ಹೋದೆ. ಎರಡನೇ ರಾತ್ರಿಯೇ ಮನೆ ಪಾಲಿನ ಮಾತು ಬಂತು. ಒಂದೇ ಹಾಲ್‌ನಲ್ಲಿ ಮಲಗಿದ್ದೆವು, ಎದ್ದು ಹೋಗಲು ಜಾಗ ಇಲ್ಲ. ಇಬ್ಬರೂ ಆಡಬಾರದ್ದು ಆಡಿದೆವು. ಉಳಿದ ನಾಲ್ಕು ದಿನ ಮಕ್ಕಳ ಮುಂದೆ ಮುಖ ತಿರುಗಿಸಿಕೊಂಡು ಕಳೆದೆವು. ಹತ್ತಿರದಲ್ಲೇ ಒಂದು ರೂಮ್ ಮಾಡಿದ್ದರೆ ರಾತ್ರಿ ಇಬ್ಬರ ತಲೆಯೂ ತಣ್ಣಗಾಗುತ್ತಿತ್ತು ಅಂತ ಈಗ ಅನಿಸುತ್ತದೆ.

ಹಳೇ ಮಾತನ್ನು ನೀವಾಗಿ ಎತ್ತಬೇಡಿ. ಅವರೇ ತೆಗೆದರೆ ಸುಮ್ನೆ ಕೇಳಿ. ನಡುವೆ ಮಾತಾಡಬೇಡಿ.

ಕುಂದಾಪುರದವಳು, ಡೊಂಬಿವಲಿ · ಡಿಸೆಂಬರ್ 29

ವಾಟ್ಸಾಪ್ ಕರೆ ವಿಷಯ ಓದಿ ಕೈಕಾಲು ತಣ್ಣಗಾಯಿತು. ಆರು ವರ್ಷ ‘ನೋಡು, ಫೋನೇ ತೆಗೆಯೂದಿಲ್ಲ’ ಅನ್ನುವ ಒಂದೇ ಮಾತನ್ನು ಹಿಡಿದುಕೊಂಡು ಕೂತಿದ್ದೆವು. ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕುಕ್ಕರ್ ಇಟ್ಟಳು. ಆಗಲೇ ಅನ್ನ ಆಗಿತ್ತು.

ಅಮ್ಮ ಕಟ್ಟಿಟ್ಟ ಪೊಟ್ಟಣದಲ್ಲಿ ಕಾಲು ಕಿಲೋ ಗಸಗಸೆ ಇತ್ತು, ಪಾಯಸಕ್ಕೆ ಅಂತ. ತೆಗೆದಿಟ್ಟೆ. ಮುಲುಂಡ್‌ನವರಿಗೆ ದೊಡ್ಡ ಉಪಕಾರ.

ವಾಸ್ಕೊ ಅಣ್ಣ, ನಿಮ್ಮ ಮಾತಿನಲ್ಲಿ ನೋವಿದೆ, ಅರ್ಥವಾಯಿತು. ಆದರೂ ನಾನು ಮನೆಯಲ್ಲೇ ಇರುತ್ತೇನೆ. ಅವರು ನಮ್ಮ ಒಂದು ಖೋಲಿಯಲ್ಲಿ ಹದಿನಾರು ತಿಂಗಳು ಇದ್ದವರು. ನಾನು ಹೋಟೆಲ್ ಮಾಡಿದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಮಾಟುಂಗಾದ ಹಿರಿಯ · ಡಿಸೆಂಬರ್ 31

ಮಗೂ, ನಿನ್ನ ಬರಹ ಓದಿ ಎರಡು ದಿನ ನಿದ್ದೆ ಸರಿಯಾಗಲಿಲ್ಲ.

ನನಗೆ ಎಪ್ಪತ್ತೆಂಟು. ಹದಿನಾಲ್ಕನೇ ವಯಸ್ಸಿಗೆ ಬಂದು ಫೋರ್ಟ್‌ನ ಹೋಟೆಲ್‌ಗೆ ಸೇರಿದವನು. ಹಗಲು ಕಪ್ಪು ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದೆ. ನಮ್ಮ ಕಾಲದಲ್ಲಿ ಗಲ್ಫ್‌ಗೆ ಜಾಸ್ತಿ ಜನ ಹಡಗಿನಲ್ಲಿ ಹೋಗುತ್ತಿದ್ದರು. ‘ದ್ವಾರಕಾ’ ಅಂತ ಒಂದು ಹಡಗು. ಮುಂಬೈಯಿಂದ ಕರಾಚಿ, ಅಲ್ಲಿಂದ ಗಲ್ಫ್‌ನ ಬಂದರುಗಳು. 1982ಕ್ಕೆ ಅದು ನಿಂತಿತು. ಬ್ಯಾಲಾರ್ಡ್ ಪಿಯರ್‌ನಲ್ಲಿ ಎಷ್ಟು ಜನರನ್ನು ಹತ್ತಿಸಿದ್ದೇನೆ ಅಂತ ಲೆಕ್ಕ ಇಲ್ಲ. ಹತ್ತುವವನ ಕೈಯಲ್ಲಿ ಟ್ರಂಕು, ಅದಕ್ಕೆ ಹಗ್ಗ, ಮೇಲೆ ಬಿಳಿ ಬಣ್ಣದಲ್ಲಿ ಹೆಸರು. ಕೆಳಗೆ ನಿಂತವರಿಗೆ ಹಡಗು ಕಾಣದೇ ಹೋಗುವ ತನಕ ಕೈ ಬೀಸುವುದೇ ಕೆಲಸ.

1990ರಲ್ಲಿ ನಿನ್ನ ಅಪ್ಪ ಕಾಯುತ್ತಿದ್ದ ಸಹಾರ್‌ನಲ್ಲಿ ನಾನೂ ಇದ್ದೆ. ನಮ್ಮ ಹೋಟೆಲ್ ಮಾಲೀಕರು ರಾತ್ರಿ ಇಡ್ಲಿ ಬೇಯಿಸಿ ಪಾತ್ರೆಗಟ್ಟಲೆ ಕಳಿಸುತ್ತಿದ್ದರು. ನಮ್ಮವರನ್ನು ಕರೆತರಲು 59 ದಿನದಲ್ಲಿ 488 ವಿಮಾನ, ಬಂದವರು 1 ಲಕ್ಷದ 70 ಸಾವಿರಕ್ಕೂ ಜಾಸ್ತಿ ಜನ. ಅಂಕಿ ಆಮೇಲೆ ಪೇಪರಿನಲ್ಲಿ ಓದಿದ್ದು. ನಾನು ಕಣ್ಣಾರೆ ಕಂಡದ್ದು ಬೇರೆ. ಬ್ಯಾಂಕಿನಲ್ಲಿ ಇದ್ದವನಂತೆ ಕಾಣುವ ಒಬ್ಬ ಮನುಷ್ಯ ಇಡ್ಲಿಗೆ ಕೈ ಚಾಚೋಕೆ ನಾಚಿಕೊಂಡು ಕಂಬದ ಹಿಂದೆ ನಿಂತಿದ್ದ. ದುಡಿದು ತಿಂದವರಿಗೆ ಬರಿಗೈಲಿ ಬಂದು ನಿಲ್ಲುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. ನಿನ್ನ ಚಿಕ್ಕಪ್ಪನ ವಿಷಯದಲ್ಲಿ ಇದನ್ನು ಮನಸ್ಸಿನಲ್ಲಿಟ್ಟುಕೊ.

ಇನ್ನೊಂದು. ಆಗ ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತು ತುಂಬಿ ಕಳಿಸುತ್ತಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟರೆ ಆಯಿತು, ಅಂಚೆಗೆ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದು ಉಳಿದಿದೆಯಾ ಅಮ್ಮನನ್ನು ಕೇಳು. ಇದ್ದರೆ ಫೋನಿಗೆ ಹಾಕಿಸಿಕೊಂಡು ಹೋಗು. ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ಥಾಣೆ ಹುಡುಗ · ಜನವರಿ 2

ನನಗೆ 24. ನಾನು ಹುಟ್ಟಿದ್ದೇ ಇಲ್ಲಿ. ಕನ್ನಡ ಓದೋಕೆ ಅಮ್ಮ ಕಲಿಸಿದ್ದು. ಅಪ್ಪನ ಅಣ್ಣನ ಮಕ್ಕಳು ಬಹರೇನ್‌ನಲ್ಲಿದ್ದಾರೆ. ಒಬ್ಬರನ್ನೂ ನೋಡಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಸಿಕ್ಕರೆ ಏನಂತ ಶುರು ಮಾಡೋದು? ‘ಹಾಯ್ ಕಸಿನ್’ ಅಂದರೆ ಏನೋ ಸರಿ ಅನಿಸಲ್ಲ.

ಕುಂದಾಪುರದವಳು, ಡೊಂಬಿವಲಿ · ಜನವರಿ 2

ತಮ್ಮಾ, ದೊಡ್ಡಪ್ಪನ ಮಕ್ಕಳು ಅಂದರೆ ಅಣ್ಣ, ಅಕ್ಕ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ‘ಅಕ್ಕಾ, ನಾನು ಇಂಥವರ ಮಗ’ ಅಂತ ಬರಿ, ಅಪ್ಪನ ಚಿಕ್ಕಂದಿನ ಒಂದು ಫೋಟೋ ಜೊತೆಗೆ ಕಳಿಸು. ಇನ್ನೊಂದು ನನಗೆ ತಡವಾಗಿ ಹೊಳೆದದ್ದು. ಗಲ್ಫ್‌ನ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್. ನಮಗೆ ಇಲ್ಲಿ ಜೂನ್‌ನಲ್ಲೇ ಶಾಲೆ ಶುರು. ಅವರು ಊರಿಗೆ ಬಂದಾಗ ನಾವು ಪರೀಕ್ಷೆಗೆ ಓದುತ್ತಿರುತ್ತೇವೆ. ನಾವು ಮೇ ತಿಂಗಳಲ್ಲಿ ಊರಿಗೆ ಹೋದಾಗ ಅವರು ಅಲ್ಲಿ ತರಗತಿಯಲ್ಲಿ. ನೀವು ಒಬ್ಬರನ್ನೊಬ್ಬರು ನೋಡದೇ ಇರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಯಾರಿಗೂ ಬೇಡವಾಗಿತ್ತು ಅಂತಲ್ಲ.

ಹಿರಿಯರೇ, ಕ್ಯಾಸೆಟ್ ಸಿಕ್ಕಿತು! ಹಳೇ ಹೊಲಿಗೆ ಯಂತ್ರದ ಡ್ರಾಯರ್‌ನಲ್ಲಿ ಇತ್ತು. 1988 ಅಂತ ಅಪ್ಪನ ಅಕ್ಷರ.

ಕುಂದಾಪುರದವಳು, ಡೊಂಬಿವಲಿ · ಜನವರಿ 23

ಬಂದೆ. ಎರಡು ದಿನ ಬೇಕಾಯಿತು ಬರೆಯಲು. ಉದ್ದ ಆಗುತ್ತದೆ, ಕ್ಷಮಿಸಿ.

ಹೊರಡುವ ದಿನ ಅಮ್ಮ ನನ್ನ ಚೀಲಕ್ಕೆ ಒಂದು ಡಬ್ಬಿ ತುರುಕಿದಳು. ತೆಗೆದು ನೋಡಿದರೆ ತಿಳಗುಳ. ಎಳ್ಳು, ಬೆಲ್ಲ, ಸ್ವಲ್ಪ ಏಲಕ್ಕಿ. ನಮ್ಮ ಊರ ಕಡೆ ಸಂಕ್ರಾಂತಿಗೆ ಇದನ್ನು ಮಾಡುವ ರೂಢಿ ಇಲ್ಲ. ಚಾಳ್‌ನಲ್ಲಿ ಪಕ್ಕದ ಮನೆಯ ಮರಾಠಿ ಅಜ್ಜಿ ಕಲಿಸಿದ್ದು. 1991ರ ಸಂಕ್ರಾಂತಿಗೆ ಅಮ್ಮ, ಚಿಕ್ಕಮ್ಮ ಇಬ್ಬರೂ ಆ ಅಜ್ಜಿಯ ಒಲೆ ಮುಂದೆ ಕೂತು ಪಾಕ ನೋಡಿದವರು. ‘ಕೊಡು, ನಾ ಕೊಟ್ಟದ್ ಅಂತ ಹೇಳೂದ್ ಬ್ಯಾಡ’ ಅಂದಳು.

ಗುರುವಾರ ಸಂಜೆ ತಂಗಿ ದುಬೈಗೇ ಬಂದು ಕರೆದುಕೊಂಡು ಹೋದಳು. ಶಾರ್ಜಾ ದಾರಿಯಲ್ಲಿ ವಾಹನಗಳ ಸಾಲು. ಒಂದೂವರೆ ಗಂಟೆ. ಅದೇ ಒಳ್ಳೆಯದಾಯಿತು. ಕಾರಿನಲ್ಲಿ ಮುಖ ನೋಡದೆ ಮಾತಾಡಬಹುದು. ಮೊದಲ ಅರ್ಧ ಗಂಟೆ ಮಕ್ಕಳ ಶಾಲೆ, ಬಾಡಿಗೆ, ಹವೆ. ಆಮೇಲೆ ಅವಳೇ ಕೇಳಿದಳು, ‘ಅಕ್ಕಾ, ಆ ಮಂಚ ಎಂತ ಆಯ್ತ್?’

ಅವಳಿಗೆ ಈಗ ನಲವತ್ತೊಂದು. ಅವಳ ಕನ್ನಡ ಕೇಳಬೇಕು ನೀವು. ನನ್ನ ಕನ್ನಡದಲ್ಲಿ ಅರ್ಧ ಡೊಂಬಿವಲಿ ಸೇರಿದೆ. ಅವಳದ್ದು ಅಪ್ಪಟ ಕುಂದಾಪ್ರದ್ದು, ಅದೂ ಅಜ್ಜಿ ಕಾಲದ್ದು. ಅವಳ ಸಣ್ಣ ಮಗ ‘ನಾಳೆ ಕಾಂಬ’ ಅಂದ. ಊರಿನ ನಮ್ಮ ಮಕ್ಕಳೂ ಈಗ ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಬಿಟ್ಟರೆ ಕನ್ನಡ ಕೇಳಲು ಬೇರೆ ಕಡೆ ಇಲ್ಲ, ಹಾಗಾಗಿ ಅಬ್ಬಿ (ಅಮ್ಮ) ಆಡಿದ್ದೇ ನಮಗೆ ಕನ್ನಡ ಅಂದಳು ತಂಗಿ.

ಬಾಗಿಲು ತೆರೆದಾಗ ಚಿಕ್ಕಮ್ಮ ನನ್ನನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದರು. ಲಿಫ್ಟ್ ಕಡೆಗೆ. ಅಮ್ಮನೂ ಬಂದಿರಬಹುದು ಅಂತ. ಆ ಒಂದು ಕ್ಷಣ ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಮುಲುಂಡ್‌ನವರು ಹೇಳಿದಂತೆ ಎಲ್ಲಿಗೂ ಹೋಗಲಿಲ್ಲ. ಶುಕ್ರವಾರ ಮೂವರೂ ಕೂತು ಮೀನು ಹೆಚ್ಚಿದೆವು, ನೀರುದೋಸೆ ಮಾಡಿದೆವು. ಊಟ ಆದ ಮೇಲೆ ತಿಳಗುಳ ಡಬ್ಬಿ ಕೊಟ್ಟೆ. ಅಮ್ಮ ಹೇಳಬೇಡ ಅಂದಿದ್ದಳು, ನಾನು ಹೇಳಲಿಲ್ಲ. ಚಿಕ್ಕಮ್ಮ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು. ‘ಅಕ್ಕ ಈಗ್ಲೂ ಪಾಕ ಒಂಚೂರ್ ಗಟ್ಟಿ ಮಾಡ್ತ್ರ್’ ಅಂದರು. ಆಮೇಲೆ ಅವರೇ ಮಾತು ತೆಗೆದರು. ವಾಸ್ಕೊ ಅಣ್ಣ, ನಿಮ್ಮ ಮಾತು ನೆನಪಿತ್ತು. ನಾನು ಬಾಯಿ ಬಿಡಲಿಲ್ಲ.

2007ರಲ್ಲಿ ಚಿಕ್ಕಪ್ಪ ಇದ್ದ ಕಂಪನಿ ಮುಚ್ಚಿತ್ತಂತೆ. ಸಂಬಳ ಬಾಕಿ. ಹೊಸ ಕೆಲಸಕ್ಕೆ ವೀಸಾ ಬದಲಾಗುತ್ತಿತ್ತು. ಪಾಸ್‌ಪೋರ್ಟ್ ಇನ್ನೂ ಹಳೇ ಕಂಪನಿಯವರ ಕೈಯಲ್ಲಿ. ಅಪ್ಪ ಹೋದ ಸುದ್ದಿ ಬಂದ ರಾತ್ರಿ ಚಿಕ್ಕಪ್ಪ ಅಲ್ಲಿಗೆ ಹೋಗಿ ಬೇಡಿಕೊಂಡರಂತೆ. ಕೊಡಲಿಲ್ಲ. ಚಿಕ್ಕಮ್ಮ ‘ಅತ್ತಿಗೆಗೆ ವಿಷಯ ಹೇಳಿ’ ಅಂದಿದ್ದಕ್ಕೆ ಅವರು ಒಪ್ಪಲೇ ಇಲ್ಲ. ‘ಒಂದ್ಸಲ ಅಣ್ಣನ ಬಾಗಿಲಿಗೆ ಬರಿಗೈಲಿ ಹೋಯಿದೆ. ಅಣ್ಣ ಇಲ್ದಿಪ್ಪತ್ತಿಗೆ ಮತ್ತೊಂದ್ಸಲ ಅದೇ ಕತೆ ಹೇಳ್ಕಾ?’ ಅಂದರಂತೆ. ಮಾಟುಂಗಾದ ಹಿರಿಯರೇ, ನೀವು ಬರೆದ ಕಂಬದ ಹಿಂದಿನ ಮನುಷ್ಯ ನನ್ನ ಕಣ್ಣಿಗೆ ಬಂದ.

ಹದಿಮೂರನೇ ದಿನ ಅವರು ಶಾರ್ಜಾದಿಂದ ಬಸ್ಸಲ್ಲಿ ದೇರಾಕ್ಕೆ ಬಂದು, ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ, ಬರ್ ದುಬೈಯ ಗಲ್ಲಿಯ ಗುಡಿಗೆ ಹೋಗಿದ್ದರಂತೆ. ಜೆಬೆಲ್ ಅಲಿಯ ದೊಡ್ಡ ದೇವಸ್ಥಾನ 2022ರದ್ದು. ಆಗ ಇದ್ದದ್ದು ಆ ಪುಟ್ಟ ಗುಡಿ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮೆಟ್ಟಿಲ ಮೇಲೆ ಕೂತಿದ್ದು, ಇಬ್ಬರು ಕೂಲಿ ಹುಡುಗರಿಗೆ ಊಟ ಹಾಕಿಸಿ ಬಂದರಂತೆ. ಭಾನುವಾರ ತಂಗಿ ನನ್ನನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋದಳು. ಅಬ್ರಾಕ್ಕೆ ಒಂದು ದಿರ್ಹಮ್. ಐದಾರು ನಿಮಿಷದ ದಾರಿ. ಇಬ್ಬರೂ ಮಾತಾಡಲಿಲ್ಲ. ನಡುನೀರಿನಲ್ಲಿ ಅವಳು ನನ್ನ ಕೈ ಹಿಡಿದಳು, ಚಾಳ್‌ನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದಳಲ್ಲ, ಹಾಗೆ. ಬರೀ ಎರಡು ಬೆರಳು.

ಕ್ಯಾಸೆಟ್ ವಿಷಯ. ದಾದರ್‌ನ ಒಂದು ಅಂಗಡಿಯಲ್ಲಿ ಸರಿ ಮಾಡಿಸಿದೆ. ಟೇಪಿಗೆ ಬೂಸ್ಟು ಹಿಡಿದಿತ್ತು. ಅರವತ್ತು ನಿಮಿಷದಲ್ಲಿ ಉಳಿದಿದ್ದು ಇಪ್ಪತ್ತೆರಡು. ಶನಿವಾರ ರಾತ್ರಿ ಹಾಕಿದೆ. ಚಿಕ್ಕಪ್ಪ ಅಪ್ಪನಿಗೆ ಹೇಳುತ್ತಿದ್ದಾರೆ, ‘ಅಣ್ಣಾ, ನನ್ ಕಪ್ಪು ಚಪ್ಪಲಿ ಸ್ಟೇಶನ್ ಹತ್ರದವ್ನ್ ಕೈಯಲ್ ಕೊಟ್ಟಿದ್ದೆ, ತಕಂಡ್ ಇಡ್’. ದೊಡ್ಡ ವಿಷಯ ಒಂದೂ ಇಲ್ಲ. ಚಪ್ಪಲಿ, ಅಕ್ಕಿ ರೇಟು, ನನ್ನ ಪರೀಕ್ಷೆ. ಹಿಂದೆ ಗೊರಗೊರ ಅಂತ ಒಂದು ಸದ್ದು. ಮಾತು ಮುಗಿದ ಮೇಲೂ ಆ ಸದ್ದು ಒಂದು ನಿಮಿಷ ಬರುತ್ತದೆ. ನಾನು ನಿಲ್ಲಿಸಲು ಹೋದೆ. ಚಿಕ್ಕಮ್ಮ ಕೈ ಅಡ್ಡ ಹಿಡಿದರು. ‘ಇರ್ಲಿ, ಅದು ನಮ್ ಸಾಲ್ಮಿಯಾ ಮನೆಯ ಎಸಿ’ ಅಂದರು. ಕುವೈತ್‌ನ ಆ ಮನೆಯನ್ನು ಅವರು ಬೀಗ ಹಾಕಿ ಬಂದವರು, ಮತ್ತೆ ನೋಡಲೇ ಇಲ್ಲ. ಆ ಒಂದು ನಿಮಿಷವನ್ನು ನಾಲ್ಕು ಸಲ ಹಾಕಿಸಿಕೊಂಡರು. ಚಿಕ್ಕಪ್ಪನ ಧ್ವನಿ ಕೇಳುವಾಗ ಅಳಲಿಲ್ಲ. ಆ ಎಸಿ ಸದ್ದಿಗೆ ಅತ್ತರು.

ಸೋಮವಾರ ರಾತ್ರಿ ಬೋಟಿಮ್‌ನಲ್ಲಿ ಅಮ್ಮನಿಗೆ ಕರೆ ಮಾಡಿದೆ. ಅಲ್ಲಿ ಎಂಟೂವರೆ, ಡೊಂಬಿವಲಿಯಲ್ಲಿ ಹತ್ತು. ಮೊದಲು ಅಮ್ಮನಿಗೆ ಎಲ್ಲ ಹೇಳಿದೆ. ಕಂಪನಿ, ಪಾಸ್‌ಪೋರ್ಟ್, ಮೆಟ್ಟಿಲು. ತುಂಬ ಹೊತ್ತು ಸುಮ್ಮನಿದ್ದಳು. ಫೋನ್ ಚಿಕ್ಕಮ್ಮನಿಗೆ ಕೊಟ್ಟೆ. ಇಬ್ಬರಲ್ಲಿ ಯಾರೂ ಶುರು ಮಾಡಲಿಲ್ಲ. ಕೊನೆಗೆ ಅಮ್ಮ, ‘ಉಂಡ್ಯಾ?’ ಅಂದಳು. ಚಿಕ್ಕಮ್ಮ, ‘ಆಯ್ತಕ್ಕಾ, ನಿಮ್ದ್?’ ಅಂದರು. ಆಮೇಲೆ ಒಂದು ಗಂಟೆ ಹತ್ತು ನಿಮಿಷ. ಅರ್ಧ ಮಾತು ಮಂಡಿ ನೋವಿನದ್ದು.

ಮುಲುಂಡ್‌ನವ, ಈಗ ದುಬೈ · ಜನವರಿ 23

ಅಕ್ಕ, ಹೆಂಡತಿಗೆ ಜೋರಾಗಿ ಓದಿ ಹೇಳಿದೆ. ಅವಳೀಗ ಬೆಳಗಾವಿಯ ಸೋದರತ್ತೆಗೆ ಫೋನ್ ಹಚ್ಚಿದ್ದಾಳೆ, ನಾಲ್ಕು ವರ್ಷದ ಮೇಲೆ.

ವಾಸ್ಕೊದಿಂದ · ಜನವರಿ 24

ನಿಮ್ಮ ವಿಷಯದಲ್ಲಿ ಹೋಟೆಲ್ ಬೇಡ ಅಂದಿದ್ದೇ ಸರಿ ಆಯಿತು. ನನ್ನ ಅಣ್ಣನ ವಿಷಯ ಬೇರೆ, ಅದು ಅಷ್ಟು ಸುಲಭಕ್ಕೆ ಸರಿ ಹೋಗುವುದಲ್ಲ. ಆದರೆ ನಮ್ಮ ಮನೆಯಲ್ಲೂ ಕ್ಯಾಸೆಟ್‌ಗಳಿವೆ. ದಾದರ್‌ನ ಆ ಅಂಗಡಿಯವರು ಒಂದಕ್ಕೆ ಎಷ್ಟು ತೆಗೆದುಕೊಂಡರು ಅಂತ ಖಾಸಗಿಯಾಗಿ ತಿಳಿಸುತ್ತೀರಾ?

ಕುಂದಾಪುರದವಳು, ಡೊಂಬಿವಲಿ · ಫೆಬ್ರವರಿ 8

ವಾಸ್ಕೊ ಅಣ್ಣ, ತಿಳಿಸಿದ್ದೇನೆ ನೋಡಿ.

ಇನ್ನೊಂದು ಸಹಾಯ ಬೇಕು ಎಲ್ಲರಿಂದ. ತಂಗಿ ಜುಲೈ ರಜೆಗೆ ಟಿಕೆಟ್ ಮಾಡಿಸಿದಳು. ಮಂಗಳೂರಿಗಲ್ಲ, ಮುಂಬೈಗೆ. ಗಂಡನಿಗೆ ರಜೆ ಇಲ್ಲ. ಚಿಕ್ಕಮ್ಮ, ಅವಳು, ಎರಡು ಮಕ್ಕಳು ಬರುತ್ತಾರೆ. ನಮ್ಮಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಅಮ್ಮನನ್ನೂ ನನ್ನನ್ನೂ ಸೇರಿಸಿಕೊಂಡು ಆರು ಜನ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ. ಒಂದು ಟಿಕೆಟ್‌ನಲ್ಲಿ ಆರು ಜನರ ತನಕ ಆಗುತ್ತದಲ್ಲ. ಈಗ ಬುಕಿಂಗ್ ಅರವತ್ತು ದಿನ ಮೊದಲು ತೆರೆಯುತ್ತದೆ, ಅಂದರೆ ಮೇ ತಿಂಗಳು. ಮಳೆಗಾಲದ ವೇಳಾಪಟ್ಟಿಯಲ್ಲಿ ಥಾಣೆಗೆ ಎಷ್ಟು ಹೊತ್ತಿಗೆ ಬರುತ್ತದೆ? ಕೆಳಗಿನ ಬರ್ತ್ ಎರಡು ಬೇಕೇ ಬೇಕು, ಇಬ್ಬರಿಗೂ ಮಂಡಿ ನೋವು. ಬಕೆಟ್, ಉಪ್ಪು ಅಮ್ಮ ಈಗಲೇ ತೆಗೆದಿಟ್ಟಿದ್ದಾಳೆ.